ಮುಟ್ಟಬೇಡವೆಂದ ಎಲೆ ಅಡಿಕೆ

ದೇವನಹಳ್ಳಿ
3 ನವೆಂಬರ್ 2024

ಭಾನು,

ಫೋನ್ ಇರುವಾಗ ದೊಡ್ಡಮ್ಮ ಕಾಗದ ಯಾಕೆ ಬರೆದಳು ಎಂದು ಲಕೋಟೆ ನೋಡಿಯೇ ನಿನಗೆ ಎದೆ ಹೊಡೆದುಕೊಂಡಿರುತ್ತದೆ. ಯಾರಿಗೂ ಏನೂ ಆಗಿಲ್ಲ. ಫೋನಿನಲ್ಲಿ ಮಾತಾಡಿದರೆ ನಿನ್ನ ದೊಡ್ಡಪ್ಪ ಸ್ಪೀಕರ್ ಹಾಕಿಸುತ್ತಾರೆ. ಅವರ ಕಿವಿಗೆ ಬಿದ್ದದ್ದು ಸಂಜೆ ಹಾಲು ಹಾಕುವ ಹೊತ್ತಿಗೆ ಡೇರಿಯಲ್ಲಿ ಎಲ್ಲರ ಕಿವಿಗೂ ಬಿದ್ದಿರುತ್ತದೆ. ಇದು ಗುಟ್ಟಿನ ವಿಷಯ.

ನಿನ್ನ ತಮ್ಮ ಅಂಜನ್ ಮೊನ್ನೆ ಏರ್‌ಪೋರ್ಟಿನಿಂದ ಕ್ಯಾಬ್ ತಂದು ನಿಲ್ಲಿಸಿ, ಕೈಕಾಲು ಕೂಡ ತೊಳೆಯದೆ ಅಡುಗೆಮನೆ ಬಾಗಿಲಲ್ಲಿ ನಿಂತುಕೊಂಡ. "ಅಮ್ಮಾ, ನಾನು ಮದ್ವೆ ಆದ್ರೆ ಇಬಾನ್ನೇ. ಬೈಯೋದಿದ್ರೆ ಈಗ್ಲೇ ಬೈದ್ಬಿಡು, ಮಧ್ಯಾಹ್ನ ಡ್ಯೂಟಿ ಐತೆ" ಅಂದ. ಇಬಾ ಎಂದರೆ ನಮ್ಮ ಬಾಡಿಗೆ ಮನೆಗಳ ಸಾಲಿನಲ್ಲಿ ಕೊನೆಯ ಕೋಣೆಯ ನೇಪಾಳಿ ಹುಡುಗಿ. ನೀನು ನೋಡಿಲ್ಲ. ಏರ್‌ಪೋರ್ಟ್ ಹತ್ತಿರದ ದೊಡ್ಡ ಹೋಟೆಲಿನಲ್ಲಿ ಬ್ರೆಡ್ಡು ಬೇಯಿಸುವ ಕೆಲಸ. ಎರಡು ವರ್ಷದಲ್ಲಿ ಒಮ್ಮೆಯೂ ಅವಳಿಂದ ಒಂದು ಗಟ್ಟಿ ಮಾತು ಕೇಳಿಲ್ಲ. ಹುಡುಗಿ ಬೇಡವೆಂದು ನಾನು ಹೇಳುತ್ತಿಲ್ಲ, ಭಾನು. ಆದರೆ ನಮ್ಮ ಕುಲದ ಯಜಮಾನ ಅಪ್ಪಯ್ಯಣ್ಣ "ಯಾವ ಜನಾನಮ್ಮಾ ಅವ್ರು?" ಎಂದು ಕೇಳಿದರೆ ಹೇಳಲು ನನ್ನ ಹತ್ತಿರ ಉತ್ತರವಿಲ್ಲ.

ಅವಳ ತಾಯಿ ಇರುವುದು ನಿಮ್ಮ ಶಿಲ್ಲಾಂಗಿನಲ್ಲೇ. ನಮ್ಮ ಅಳಿಯ ವಿಜಯ್‌ಗೆ ಅಲ್ಲಿಗೇ ಪೋಸ್ಟಿಂಗ್ ಆದದ್ದು ದೇವರು ಮಾಡಿಸಿದ್ದು ಎಂದುಕೊಂಡೆ. ನಮ್ಮಲ್ಲಿ ಸಂಬಂಧ ವಿಚಾರಿಸುವ ಹಾಗೆ ಒಂದು ಸಲ ಹೋಗಿ ವಿಚಾರಿಸು. ಮನೆತನ ಹೇಗೆ, ಯಾವ ಕುಲ, ಅಕ್ಕಪಕ್ಕದವರು ಏನೆನ್ನುತ್ತಾರೆ. ಬಾಡಿಗೆ ಮನೆಯವರ ಕಡೆಯವಳು, ನೋಡಿ ಹೋಗಲು ಬಂದೆ ಎನ್ನು. ಮದುವೆಯ ಮಾತು ಎತ್ತಬೇಡ.

ಇನ್ನೊಂದು ಮಾತು. ಎಲೆ ಅಡಿಕೆ ಕೊಟ್ಟರೆ ಏನೇ ಆದರೂ ಮುಟ್ಟಬೇಡ. ನಿಮ್ಮ ಜವರಪ್ಪ ಮಾವ ಹೊಸಕೋಟೆಯಲ್ಲಿ ಹೆಣ್ಣು ವಿಚಾರಿಸಲು ಹೋಗಿ, ಬಾಯಾಡಿಸಲು ಏನೂ ಇಲ್ಲವೆಂದು ಅವರಿಟ್ಟ ಎಲೆ ಅಡಿಕೆ ಹಾಕಿಕೊಂಡರು. ಅವರು ಊರಿಗೆ ವಾಪಸ್ಸು ಬರುವಷ್ಟರಲ್ಲಿ ಹೆಣ್ಣಿನ ಕಡೆಯವರು ಛತ್ರ ನೋಡಲು ಹೊರಟಿದ್ದರು. ಆ ಹೆಣ್ಣೇ ನಿಮ್ಮ ಅತ್ತೆ. ಚೆನ್ನಾಗಿಯೇ ಬಾಳಿದರು, ಅದು ಬೇರೆ ಮಾತು.

ನಿನ್ನ ದೊಡ್ಡಮ್ಮ
ಮುನಿರತ್ನಮ್ಮ


ಶಿಲ್ಲಾಂಗ್
17 ನವೆಂಬರ್ 2024

ದೊಡ್ಡಮ್ಮ,

ನಿಮ್ಮ ಕಾಗದ ಓದಿ ಮೊದಲು ನಕ್ಕೆ, ಆಮೇಲೆ ಸಿಟ್ಟು ಬಂತು. ಅದೇ ಕ್ರಮದಲ್ಲಿ ಬರೆಯುತ್ತೇನೆ.

ಅಂಜನ್ ಅಡುಗೆಮನೆ ಬಾಗಿಲಲ್ಲಿ ನಿಂತ ಭಂಗಿ ನನಗೆ ಕಣ್ಣಿಗೆ ಕಟ್ಟಿತು. ಏಳನೇ ಕ್ಲಾಸಿನಲ್ಲಿ ನನ್ನ ಸೈಕಲ್ ಬಾವಿಗೆ ಬೀಳಿಸಿ ಬಂದಾಗಲೂ ಹೀಗೇ ನಿಂತಿದ್ದ.

ಈಗ ಸಿಟ್ಟು. ನೇಪಾಳ ಬೇರೆ ದೇಶ, ದೊಡ್ಡಮ್ಮ. ಶಿಲ್ಲಾಂಗ್ ಮೇಘಾಲಯದಲ್ಲಿದೆ. ಇಲ್ಲಿಯವರು ಖಾಸಿ ಜನ. ನಿಮ್ಮ ಬಾಡಿಗೆ ಮನೆಯಲ್ಲಿ ಎರಡು ವರ್ಷ ಇದ್ದವಳಿಗೆ ನೀವು ಬೇರೆ ದೇಶವನ್ನೇ ಅಂಟಿಸಿದ್ದೀರಿ. ನನ್ನ ಸಿಟ್ಟಿಗೆ ಕಾರಣ ಇದೆ. ಇಲ್ಲಿಗೆ ಬಂದು ಒಂದೂವರೆ ವರ್ಷವಾಯಿತು, ನನ್ನನ್ನು ಭಾನುಪ್ರಿಯಾ ಎಂದು ಕರೆದವರನ್ನು ಬೆರಳಿನಲ್ಲಿ ಎಣಿಸಬಹುದು. ಕ್ವಾರ್ಟರ್ಸಿನಲ್ಲಿ ನಾನು "ಮದ್ರಾಸಿ." ದೊಡ್ಡಬಳ್ಳಾಪುರದಲ್ಲಿ ಹುಟ್ಟಿದವಳು, ಮದ್ರಾಸನ್ನು ರೈಲಿನ ಕಿಟಕಿಯಿಂದ ಬಿಟ್ಟು ಕಂಡವಳಲ್ಲ. ಪಕ್ಕದ ಮನೆಯ ಪಂಜಾಬಿ ಹೆಂಗಸು ದಿನಾ ಬಂದು "ಮದ್ರಾಸಿ ಭಾಬಿ, ಇಡ್ಲಿ ಮಾಡಿದ್ದೀರಾ?" ಎನ್ನುತ್ತಾಳೆ. ನನಗೆ ಇಡ್ಲಿ ಸೇರುವುದಿಲ್ಲವೆಂದು ನಿಮಗೇ ಗೊತ್ತು. ಮಾರ್ಕೆಟ್ಟಿನಲ್ಲಿ ಖಾಸಿ ಹೆಂಗಸರಿಗೆ ನಾನು "ಡಖಾರ್." ಹಾಗೆಂದರೆ ಹೊರಗಿನವರು. ಅದರಲ್ಲಿ ಪಂಜಾಬಿ, ಬಂಗಾಳಿ, ನಾನು ಎಲ್ಲ ಒಂದೇ. ಆ ಮಾತು ಕೇಳಿ ಮೊದಲ ತಿಂಗಳು ಅತ್ತಿದ್ದೆ. ಯಾರಿಗೂ ಹೇಳಿರಲಿಲ್ಲ, ವಿಜಯ್‌ಗೂ.

ನೀವು ಹೇಳಿದ ಹಾಗೆ ಹೋಗಿ ಬರುತ್ತೇನೆ. ಅಷ್ಟರೊಳಗೆ ನೀವೊಂದು ಕೆಲಸ ಮಾಡಿ. ಇಬಾ ಹೇಗಿದ್ದಾಳೆ ಎಂದು ನನಗೆ ಬರೆಯಿರಿ. ಯಾವ ಜನ ಎಂದಲ್ಲ, ಹೇಗಿದ್ದಾಳೆ ಎಂದು.

ಭಾನು


ದೇವನಹಳ್ಳಿ
28 ನವೆಂಬರ್ 2024

ಭಾನು,

ಬೈಸಿಕೊಂಡೆ. ಹಿರಿಯಳು ಎಂಬ ಮುಲಾಜಿಲ್ಲದೆ ಚೆನ್ನಾಗಿಯೇ ಬೈದಿದ್ದೀಯ.

ನನ್ನದೂ ಸ್ವಲ್ಪ ಕೇಳು. ನಾನು ನೇಪಾಳಿ ಎಂದದ್ದು ಬೈಗುಳವಾಗಿ ಅಲ್ಲ. ಎದುರುಗಡೆ ಅಂಗಡಿಯ ಅಂಜಿನಮ್ಮ ಆ ಹುಡುಗಿಯನ್ನು "ಚೈನಾ" ಎಂದು ಕರೆದಾಗ ಅವಳ ಜೊತೆ ಜಗಳ ಕಾದವಳು ನಾನೇ. "ಚೈನಾ ಅಂತೆ ಚೈನಾ, ನೇಪಾಳಿ ಕಣೇ ಅವ್ಳು!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ್ದೆ. ಜಗಳದಲ್ಲಿ ಗೆದ್ದೆ ಎಂದು ಖುಷಿಪಟ್ಟು ಮನೆಗೆ ಬಂದಿದ್ದೆ. ಈಗ ನಿನ್ನ ಕಾಗದ ಓದಿ ಆ ಗೆಲುವಿನ ಬೆಲೆ ಗೊತ್ತಾಯಿತು.

ಇಬಾ ಹೇಗಿದ್ದಾಳೆ ಎಂದು ಕೇಳಿದೆಯಲ್ಲ. ಕೋಣೆ ಕೇಳಲು ಬಂದ ದಿನ ನಮ್ಮ ಹಸು ಇವಳ ದುಪಟ್ಟಾ ಅರ್ಧ ತಿಂದು ಹಾಕಿತು. ಬೇರೆಯವರಾಗಿದ್ದರೆ ಹೊರಟುಹೋಗುತ್ತಿದ್ದರು. ಇವಳು ಉಳಿದರ್ಧವನ್ನೂ ಹಸುವಿನ ಕತ್ತಿಗೆ ಕಟ್ಟಿ, ಬಿದ್ದು ಬಿದ್ದು ನಕ್ಕಳು. ಮುದ್ದೆಯನ್ನು ಮೊದಲ ದಿನ ಅಗಿದು ತಿನ್ನಲು ಹೋಗಿ ಬಾಯಿ ಅಂಟಿಕೊಂಡು ಒದ್ದಾಡಿದಳು. ಈಗ ನಿನ್ನ ದೊಡ್ಡಪ್ಪನಿಗಿಂತ ಚುರುಕಾಗಿ ನುಂಗುತ್ತಾಳೆ. ಪ್ರತಿ ಭಾನುವಾರ ಚರ್ಚಿನಿಂದ ಬರುತ್ತಾ ನನಗೆ ಹೋಟೆಲಿನ ಬ್ರೆಡ್ಡು ತರುತ್ತಾಳೆ. ನನ್ನ ಮಂಡಿ ನೋವಿಗೆ ಎಣ್ಣೆ ಕಾಯಿಸಿ ಹಚ್ಚುತ್ತಾಳೆ. ಹೊಟ್ಟೆಯಲ್ಲಿ ಹುಟ್ಟಿದವನು ಹಾಗೆ ಮಾಡಿದ್ದು ನೆನಪಿಲ್ಲ. ಅವಳೆಂದರೆ ನನಗೆ ಇಷ್ಟ, ಭಾನು. ಅವಳು ಈ ಮನೆಗೇ ಬರಬೇಕೆಂದು ನನಗೂ ಆಸೆ ಹುಟ್ಟಿಬಿಟ್ಟಿದೆ. ಹೆದರಿಕೆ ಇರುವುದು ಊರಿನ ಬಾಯಿಗೆ.

ಅದಕ್ಕೂ ದಾರಿ ಸಿಕ್ಕಿತು ಎನ್ನು. ನಿನ್ನ ದೊಡ್ಡಪ್ಪನ ಕಿವಿಗೆ ಹಾಕಿ, ಇಬ್ಬರೂ ಹೋಗಿ ಅಪ್ಪಯ್ಯಣ್ಣನನ್ನು ಕಂಡೆವು. ಅವರು "ಅದೇನ್ ದೊಡ್ಡ ಮಾತು, ನಾನೂ ನನ್ ಹೆಂಡ್ತೀನೂ ಹುಡ್ಗೀನ ಮಡಿಲಿಗೆ ತಗೊಂಡು ಧಾರೆ ಎರ್ದು ಕೊಡ್ತೀವಿ. ಆಗ ನಮ್ ಕುಲದೋಳೇ ಆಯ್ತಾಳೆ. ಗಂಗಾ ಅಂತ ಒಂದ್ ಹೆಸ್ರೂ ಇಟ್ಬಿಡಾನ. ಕಾರ್ಡಲ್ಲಿ ಅಂಗೇ ಅಚ್ಚು ಹಾಕ್ಸಿ" ಎಂದರು. ನನ್ನ ಮನಸ್ಸಿನ ಭಾರವೆಲ್ಲ ಇಳಿಯಿತು. ಮದುವೆ ಘಾಟಿಯ ದೇವಸ್ಥಾನದಲ್ಲಿ ಮಾಡೋಣ ಎಂದುಕೊಂಡಿದ್ದೇವೆ.

ನೀನು ಹೋಗಿ ಬಂದ ವಿಷಯ ವಿವರವಾಗಿ ಬರೆ.

ದೊಡ್ಡಮ್ಮ


ಶಿಲ್ಲಾಂಗ್
15 ಡಿಸೆಂಬರ್ 2024

ದೊಡ್ಡಮ್ಮ,

ಹೋಗಿ ಬಂದೆ. ಮನೆ ಮಾವ್ಲಾಯ್ ಎಂಬಲ್ಲಿದೆ. ಚೊಕ್ಕಟವಾದ ಮನೆ, ಬಾಗಿಲಲ್ಲಿ ಹೂವಿನ ಕುಂಡಗಳು. ತಾಯಿಯ ಹೆಸರು ಥ್ರೀನಾ. ಇಲ್ಲಿ ಹಿರಿಯ ಹೆಂಗಸರನ್ನು ಅಕ್ಕ ಎನ್ನುವ ಹಾಗೆ ಕಾಂಗ್ ಎನ್ನುತ್ತಾರೆ, ಕಾಂಗ್ ಥ್ರೀನಾ. ಬಟ್ಟೆ ಹೊಲಿಯುತ್ತಾರೆ. ಅವರ ಅಣ್ಣನೂ ಇದ್ದರು. ಅಕ್ಕಪಕ್ಕದವರು ಒಳ್ಳೆಯ ಮಾತನ್ನೇ ಹೇಳಿದರು. ಟೀ ಕುಡಿಯುವಷ್ಟು ಹೊತ್ತು ಇರಲಿಲ್ಲ, ಬೇಗ ಬಂದುಬಿಟ್ಟೆ.

ಅಪ್ಪಯ್ಯಣ್ಣನವರ ಮಡಿಲಿನ ವಿಷಯ ದಯವಿಟ್ಟು ಕೈಬಿಡಿ. ಅವಳ ತಾಯಿ ಬದುಕಿದ್ದಾರೆ, ಸೋದರಮಾವ ಬದುಕಿದ್ದಾರೆ. ಬದುಕಿರುವವರ ಮಗಳನ್ನು ಇನ್ನೊಬ್ಬರು ಧಾರೆ ಎರೆಯುವುದು ಹೇಗೆ?

ಇಲ್ಲಿ ಚಳಿ ಬಹಳ. ಬೇರೆ ವಿಶೇಷವಿಲ್ಲ.

ಭಾನು


ದೇವನಹಳ್ಳಿ
6 ಜನವರಿ 2025

ಭಾನು,

ಚಳಿಯ ವಿಷಯ ಬರೆಯಲು ನಿನಗೆ ಜಾಗವಿತ್ತು, ನಡೆದದ್ದನ್ನು ಬರೆಯಲು ಇರಲಿಲ್ಲವೆ?

ಇಲ್ಲಿ ಎಲ್ಲ ಕೆಟ್ಟುಹೋಗಿದೆ. ಇಬಾ ಮಾರ್ಚ್ ಒಂದನೇ ತಾರೀಖಿಗೆ ಊರಿಗೆ ಟಿಕೆಟ್ ತೆಗೆಸಿದ್ದಾಳೆ. ಹೋಟೆಲಿನಲ್ಲಿ ಕೆಲಸ ಬಿಡುವುದಾಗಿ ಬರೆದುಕೊಟ್ಟಿದ್ದಾಳೆ. ಅಂಜನ್ ಊಟಕ್ಕೆ ಕೂತರೆ ತಟ್ಟೆ ನೋಡುತ್ತಾನೆ, ತಿನ್ನುವುದಿಲ್ಲ. ಅವಳ ತಾಯಿ ಫೋನಿನಲ್ಲಿ ಈ ಸಂಬಂಧ ಬೇಡವೇ ಬೇಡ ಎಂದರಂತೆ. ಯಾಕೆಂದು ಕೇಳಿದರೆ ಹುಡುಗಿ ಬಾಯಿ ಬಿಡುವುದಿಲ್ಲ.

ನಾನು ಮೊದಲು ಅಂದುಕೊಂಡದ್ದು, ಹುಡುಗ ಕ್ಯಾಬ್ ಓಡಿಸುತ್ತಾನೆಂದು ಅವರಿಗೆ ಹಿಡಿಸಲಿಲ್ಲ ಎಂದು. ನಮಗೇನು ಕಮ್ಮಿ ಎಂದು ನಿನ್ನ ದೊಡ್ಡಪ್ಪ ಎರಡು ದಿನ ಹಾರಾಡಿದರು. ಆಮೇಲೆ, ಮಡಿಲಿನ ಮಾತು ಅವರ ತನಕ ಹೋಯಿತೇನೋ ಎಂದುಕೊಂಡೆ. ಅದನ್ನು ಆಗಲೇ ಕೈಬಿಟ್ಟಿದ್ದೇನೆ, ಅಪ್ಪಯ್ಯಣ್ಣ ಮುನಿಸಿಕೊಂಡಿದ್ದಾರೆ. ನಿನ್ನೆ ಹಸುವಿಗೆ ಹುಲ್ಲು ಹಾಕುತ್ತಿದ್ದಾಗ ಇಬಾ ಅಂಜನ್‌ಗೆ ಹೇಳಿದ್ದು ಕೇಳಿಸಿತು. "ನಿಮ್ ಜನ ನಮ್ ಕೈಯಿಂದ ತಿನ್ನಲ್ಲ."

ಭಾನು, ನಾನು ಎರಡು ವರ್ಷದಿಂದ ಪ್ರತಿ ಭಾನುವಾರ ಅವಳ ಕೈಯ ಬ್ರೆಡ್ಡು ತಿಂದಿದ್ದೇನೆ. ಅವಳು ಯಾರನ್ನು ಕುರಿತು ಹೇಳಿದಳು? ನಿನಗೆ ಗೊತ್ತಿದ್ದರೆ ಬರೆ.

ದೊಡ್ಡಮ್ಮ


ಶಿಲ್ಲಾಂಗ್
16 ಜನವರಿ 2025

ದೊಡ್ಡಮ್ಮ,

ಅವಳು ಹೇಳಿದ್ದು ನನ್ನನ್ನು ಕುರಿತು.

ಹೋದ ಕಾಗದದಲ್ಲಿ ಮುಚ್ಚಿಟ್ಟೆ. ತಾನಾಗಿ ಸರಿಹೋಗುತ್ತದೆ ಎಂದುಕೊಂಡಿದ್ದೆ. ಈಗ ಪೂರ್ತಿ ಬರೆಯುತ್ತೇನೆ.

ಕಾಂಗ್ ಥ್ರೀನಾ ನನ್ನನ್ನು ಕಂಡು ಎಷ್ಟು ಸಂತೋಷಪಟ್ಟರೆಂದರೆ, ಹೊಲಿಯುತ್ತಿದ್ದ ಬಟ್ಟೆಯನ್ನು ಮಿಷನ್ನಿನಲ್ಲೇ ಬಿಟ್ಟು ಎದ್ದು ಬಂದು ಎರಡೂ ಕೈ ಹಿಡಿದುಕೊಂಡರು. ಮಗಳನ್ನು ನೋಡಿಕೊಂಡ ಮನೆಯವರು ಎಂದು ಅಣ್ಣನಿಗೆ ಹೇಳಿದರು. ಕುರ್ಚಿ ಒರೆಸಿ ಕೂರಿಸಿದರು. ಆಮೇಲೆ ಒಳಗೆ ಹೋಗಿ, ಎಲೆಗೆ ಸುಣ್ಣ ಸವರಿ, ಒಂದು ಹೋಳು ಅಡಿಕೆ ಇಟ್ಟು, ತಟ್ಟೆಯಲ್ಲಿ ತಂದು ನನ್ನ ಮುಂದೆ ಹಿಡಿದರು.

ನನಗೆ ನಿಮ್ಮ ಮಾತು ನೆನಪಾಯಿತು. ಮುಟ್ಟಿದರೆ ಸಂಬಂಧ ಕುದುರಿದ ಹಾಗೆ. "ನಹೀ, ನಹೀ" ಅಂದೆ. ಅವರು ಸಂಕೋಚ ಎಂದುಕೊಂಡು ಇನ್ನೂ ಹತ್ತಿರ ಹಿಡಿದರು. ನಾನು ಕುರ್ಚಿಯನ್ನೇ ಹಿಂದಕ್ಕೆ ಸರಿಸಿ ಕೈ ಮುಗಿದುಬಿಟ್ಟೆ. ಅವರ ಮುಖದಲ್ಲಿದ್ದ ನಗು ಹೋಯಿತು. ತಟ್ಟೆ ಕೆಳಗಿಟ್ಟು ಅಣ್ಣನಿಗೆ ಖಾಸಿಯಲ್ಲಿ ಏನೋ ಹೇಳಿದರು. ಅದರಲ್ಲಿ ನನಗೆ ತಿಳಿದದ್ದು ಡಖಾರ್ ಎಂಬ ಒಂದೇ ಮಾತು. ನನ್ನ ಕಡೆ ತಿರುಗಿ ಹರಕು ಹಿಂದಿಯಲ್ಲಿ, "ನಾವು ನಿಮಗೆ ಕೆಳಗಿನವರಾ? ನಮ್ಮ ಕೈಯದು ಬಾಯಿಗೆ ಹೋಗೋದಿಲ್ಲವಾ?" ಎಂದು ಕೇಳಿದರು. ಇಲ್ಲಿ ಅದನ್ನು ಕ್ವಾಯ್ ಎನ್ನುತ್ತಾರೆ. ಬಡವರಾಗಲಿ ಶ್ರೀಮಂತರಾಗಲಿ, ಮನೆಗೆ ಬಂದವರಿಗೆ ಮೊದಲು ಕೊಡುವುದು ಅದೇ. ಅದನ್ನು ಬೇಡವೆಂದರೆ ಮನೆಯನ್ನೇ ಬೇಡವೆಂದ ಹಾಗೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಅಲ್ಲಿಯೇ ಬಿಡಿಸಿ ಹೇಳಬಹುದಿತ್ತು. ನಮ್ಮಲ್ಲಿ ಹೀಗೆ ಒಂದು ಪದ್ಧತಿ ಎಂದರೆ ಆಗುತ್ತಿತ್ತು. ಹೇಳಲಿಲ್ಲ. ಯಾಕೆ ಗೊತ್ತೆ? ದೊಡ್ಡಬಳ್ಳಾಪುರದ ನಮ್ಮ ಮನೆಯ ಸೂರಿನಡಿ ಒಂದು ಲೋಟ ಸಿಕ್ಕಿಸಿ ಇರುತ್ತಿತ್ತು, ನೆನಪಿದೆಯಾ? ಕಳೆ ಕೀಳಲು ಬರುವ ಹೆಂಗಸಿಗೆ ಅದರಲ್ಲೇ ಕಾಫಿ. ಅವಳೇ ತೆಗೆದುಕೊಳ್ಳಬೇಕು, ಅವಳೇ ತೊಳೆದಿಡಬೇಕು. ಮೇಲಿಂದ ಕಾಫಿ ಹೊಯ್ಯುತ್ತಿದ್ದವಳು ನಾನು, ಎಂಟು ವರ್ಷದವಳು. ಕಾಂಗ್ ಥ್ರೀನಾ ಆ ಮಾತು ಕೇಳಿದಾಗ ನನಗೆ ಆ ಲೋಟ ಕಂಡಿತು. ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಎದ್ದು ಬಂದುಬಿಟ್ಟೆ.

ನನ್ನನ್ನು ಡಖಾರ್ ಎಂದರೆಂದು ಒಂದು ತಿಂಗಳು ಅತ್ತವಳು ನಾನು. ಆ ತಾಯಿ ಎಷ್ಟು ಅತ್ತರೋ ಗೊತ್ತಿಲ್ಲ. ಅಂಜನ್‌ನ ಬದುಕು ಹಾಳುಮಾಡಿದೆ. ಕ್ಷಮಿಸಿ.

ಭಾನು


ದೇವನಹಳ್ಳಿ
27 ಜನವರಿ 2025

ನನ್ನ ಭಾನು,

ಅಳಬೇಡ. ತಪ್ಪು ನನ್ನದು. ಮುಟ್ಟಬೇಡ ಎಂದು ಇಲ್ಲಿ ಕೂತು ಬರೆದವಳು ನಾನು, ಅಲ್ಲಿ ನಿಂತು ಮಾತು ಕೇಳಿಸಿಕೊಂಡವಳು ನೀನು.

ಆ ಲೋಟ ನಮ್ಮ ಮನೆಯಲ್ಲೂ ಇತ್ತು. ಅಂಗನವಾಡಿ ಟೀಚರಾಗಿ ಸೇರಿದ ವರ್ಷ ಅದನ್ನು ತಿಪ್ಪೆಗೆ ಎಸೆದೆ. ಎಸೆದದ್ದನ್ನು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೇನೆ, ಅಷ್ಟು ವರ್ಷ ಇಟ್ಟುಕೊಂಡಿದ್ದನ್ನು ಯಾರಿಗೂ ಹೇಳಿಲ್ಲ. ಇನ್ನೊಂದು ಹೇಳುತ್ತೇನೆ. ಅಂಗನವಾಡಿ ರಿಜಿಸ್ಟರಿನಲ್ಲಿ ಜಾತಿ ಎಂದು ಒಂದು ಕಾಲಂ ಇತ್ತು. ಮೂರು ವರ್ಷದ ಕೂಸಿಗೆ ಏನು ಗೊತ್ತಿರುತ್ತದೆ? ತಾಯಂದಿರನ್ನು ಕೇಳಲು ನನಗೆ ಸೋಮಾರಿತನ. ಮಗು ಯಾವ ಬೀದಿಯಿಂದ ಬಂತು ಎಂದು ನೋಡಿ ತುಂಬಿಸುತ್ತಿದ್ದೆ. ಒಂದು ವರ್ಷ ಬೈರಣ್ಣನ ಮಗಳಿಗೆ ತಪ್ಪು ತುಂಬಿಸಿ, ಅವನು ಬಂದು "ಮೇಡಂ, ಒಂದ್ ಮಾತು ಕೇಳೋಕಾಗ್ಲಿಲ್ವಾ?" ಎಂದಿದ್ದ. ಅವತ್ತು ತಿದ್ದಿ ಬರೆದೆ, ಬುದ್ಧಿ ಕಲಿಯಲಿಲ್ಲ. ಇಬಾಳಿಗೂ ಅದನ್ನೇ ಮಾಡಿದೆ. ಬೀದಿಯ ಬದಲು ಮುಖ ನೋಡಿದೆ, ಅಷ್ಟೇ.

ನಿನ್ನ ಕಾಗದ ಬಂದ ದಿನವೇ ಇಬಾಳ ಕೋಣೆಗೆ ಹೋದೆ. ಪೆಟ್ಟಿಗೆ ಅರ್ಧ ತುಂಬಿತ್ತು. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ನಾನೇ ಪೂರ್ತಿ ಓದಿದೆ. ಲೋಟದ ಸಾಲನ್ನೂ ಬಿಡಲಿಲ್ಲ, ಬಿಡಬೇಕೆನಿಸಿತ್ತು. ಜವರಪ್ಪನ ಕಥೆಯನ್ನೂ ಹೇಳಿದೆ. ಅವಳು ಮೊದಲು ನಕ್ಕಳು, ಆಮೇಲೆ ಅತ್ತಳು, ನಾನೂ ಜೊತೆಗೆ. "ಅಮ್ಮಾ, ನಮ್ಮಲ್ಲಿ ಬಸ್ಸಲ್ಲಿ ಪಕ್ಕ ಕೂತೋರ್ಗೂ ಕ್ವಾಯ್ ಕೊಡ್ತಾರೆ. ಎಲ್ಲಾರ್ನೂ ಮದ್ವೆ ಆಗ್ತಾರಾ?" ಎಂದಳು. ಅಡಿಕೆಯ ವಿಷಯ ತಾಯಿಗೆ ಫೋನಿನಲ್ಲಿ ತಾನೇ ಬಿಡಿಸಿ ಹೇಳುತ್ತೇನೆ ಎಂದಳು. ಬೇಡ ಎಂದೆ. ಕೆಡಿಸಿದವರು ನಾವು, ಹೋಗಬೇಕಾದವರೂ ನಾವೇ.

ಆಮೇಲೆ ಕೇಳಿದೆ, ಎರಡು ವರ್ಷ ತಡವಾಗಿ. "ನಿನ್ನ ಏನಂತ ಕರೀಬೇಕಮ್ಮಾ?" ಅವಳು "ನೀವು ಇಬಾ ಅನ್ನಿ. ಊರೋರು ಕೇಳಿದ್ರೆ ಖಾಸಿ ಅನ್ನಿ. ಜಗಳಕ್ಕೆ ಬಂದೋರು ಕೇಳಿದ್ರೆ, ನಮ್ ಬಾಡಿಗೆಯೋಳು, ನಿಮ್ಗ್ಯಾಕೆ ಅನ್ನಿ" ಎಂದಳು. ಗಂಗಾ ಎಂಬ ಹೆಸರಿನ ವಿಷಯವನ್ನೂ ಹೇಳಿಬಿಟ್ಟೆ. ಅದಕ್ಕೆ ಮಾತ್ರ ಅವಳು ನಗಲಿಲ್ಲ. ಇಬಾ ಎಂಬುದು ಅವಳ ಅಜ್ಜಿ ಇಟ್ಟ ಹೆಸರಂತೆ. ನಾವು ಅವಳಿಗೆ ಏನೋ ಕೊಡುತ್ತಿದ್ದೇವೆ ಎಂದು ಎಷ್ಟು ಸಂತೋಷಪಟ್ಟಿದ್ದೆ ನಾನು. ಅವಳ ಹತ್ತಿರ ಆಗಲೇ ಎಲ್ಲ ಇತ್ತು.

ನೀನು ಮತ್ತೆ ಹೋಗು. ತಟ್ಟೆ ಬರುವ ತನಕ ಕಾಯಬೇಡ, ನೀನೇ ಕೇಳಿ ತಿನ್ನು. ಲೋಟದ ವಿಷಯವನ್ನೂ ಹೇಳು. ಅವರು ಬಾಗಿಲು ಹಾಕಿಕೊಂಡರೆ ಬಾಗಿಲಲ್ಲೇ ಕೂರು. ಸಂಬಂಧ ಕುದುರದಿದ್ದರೂ ಚಿಂತೆಯಿಲ್ಲ. ಆ ತಾಯಿ ತನ್ನನ್ನು ನಾವು ಕೀಳೆಂದು ಬಗೆದೆವೆಂದು ತಿಳಿದುಕೊಂಡೇ ಉಳಿಯಬಾರದು.

ದೊಡ್ಡಮ್ಮ


ಶಿಲ್ಲಾಂಗ್
16 ಫೆಬ್ರವರಿ 2025

ದೊಡ್ಡಮ್ಮ,

ಹೋದೆ. ಬಾಗಿಲು ತೆಗೆದವರು ಅಣ್ಣ. ಕಾಂಗ್ ಥ್ರೀನಾ ಮಿಷನ್ನಿನಿಂದ ತಲೆ ಎತ್ತಲಿಲ್ಲ. ಅಂಗೈ ಚಾಚಿ "ಕ್ವಾಯ್ ಕೊಡಿ" ಅಂದೆ. ಅವರು ಹೊಲಿಗೆ ನಿಲ್ಲಿಸಿದರು. ಬಹಳ ಹೊತ್ತು ಕೈ ಚಾಚಿಕೊಂಡೇ ನಿಂತಿದ್ದೆ.

ಕೊನೆಗೆ ಎದ್ದು ಹೋಗಿ ತಂದು ಕೊಟ್ಟರು. ಬಾಯಿಗೆ ಹಾಕಿಕೊಂಡೆ. ದೊಡ್ಡಮ್ಮ, ಅದು ನಮ್ಮ ಅಡಿಕೆಯಲ್ಲ! ಹಸಿ ಅಡಿಕೆಯನ್ನು ಕೊಳೆಸಿಟ್ಟಿರುತ್ತಾರೆ. ಎರಡು ನಿಮಿಷಕ್ಕೆ ಕಿವಿ ಬಿಸಿಯಾಗಿ, ಆ ಚಳಿಯಲ್ಲಿ ಬೆವರು ಇಳಿದು, ಗೋಡೆ ತಿರುಗಿತು. ಸ್ವೆಟರ್ ಬಿಚ್ಚಿ ಹಾಕಿದೆ. ಅಣ್ಣ ತಂಗಿ ಇಬ್ಬರೂ ನಗತೊಡಗಿದರು. ಕಾಂಗ್ ಸೆರಗಿನಲ್ಲಿ ನನಗೆ ಗಾಳಿ ಹಾಕಿದರು. ಆ ನಗುವಿನ ನಡುವೆಯೇ ಎಲ್ಲ ಹೇಳಿದೆ. ನಿಮ್ಮ ಕಾಗದ, ಜವರಪ್ಪ ಮಾವ, ಲೋಟ.

ಲೋಟದ ವಿಷಯ ಕೇಳಿ ಕಾಂಗ್ ನನ್ನ ಪಕ್ಕ ಬಂದು ಕೂತರು. ಆಮೇಲೆ ಹೇಳಿದ್ದು ಇದು. ಅವರಲ್ಲಿ ಮನೆತನದ ಹೆಸರು ತಾಯಿಯ ಕಡೆಯಿಂದ ಬರುತ್ತದೆ. ಇವರು ಖರ್‌ಬಾನಿಗಳು. ಬಹಳ ಹಿಂದೆ ಬಯಲು ಸೀಮೆಯಿಂದ ಒಬ್ಬ ಹೆಂಗಸು ಈ ಬೆಟ್ಟಕ್ಕೆ ಸೊಸೆಯಾಗಿ ಬಂದಳಂತೆ, ಅವಳೇ ಇವರ ಮೂಲದಜ್ಜಿ ಎಂದು ಇವರ ಮನೆಯಲ್ಲಿ ಹೇಳಿಕೊಂಡು ಬಂದಿದ್ದಾರೆ. "ಆ ಅಜ್ಜಿಯೂ ಡಖಾರ್. ಅವತ್ತು ಸಿಟ್ಟಿನಲ್ಲಿ ನಿನ್ನನ್ನು ಹಾಗೆ ಅಂದದ್ದು ನನ್ನ ಅಜ್ಜಿಗೂ ತಾಗಿತು" ಎಂದರು. ನನ್ನ ಹೆಸರು ಕೇಳಿದರು. "ಭಾನುಪ್ರಿಯಾ" ಎಂದು ಮೂರು ಸಲ ಹೇಳಿ ಕಲಿತುಕೊಂಡರು.

ಆಮೇಲೆ ವಿಚಾರಣೆ ಶುರುವಾಯಿತು, ಅವರ ಕಡೆಯಿಂದ! ಯಾವ ಕುಲ, ಹುಡುಗ ಕುಡಿಯುತ್ತಾನಾ, ಅತ್ತೆ ಗಟ್ಟಿಗಿತ್ತಿಯಾ. ಇನ್ನೊಬ್ಬ ಮುನಿರತ್ನಮ್ಮನೇ ಅಲ್ಲಿ ಕೂತ ಹಾಗಿತ್ತು. ಮಕ್ಕಳಾದರೆ ಖರ್‌ಬಾನಿಗಳೇ ಆಗಬೇಕು ಎಂದಿದ್ದಾರೆ. ಮದುವೆಯಾದರೆ ಹುಡುಗಿಯ ಪಕ್ಕ ನಿಲ್ಲುವುದು ಸೋದರಮಾವ. ಅವರಲ್ಲಿ ಸೋದರಮಾವನಿಲ್ಲದೆ ಯಾವ ಶುಭಕಾರ್ಯವೂ ಇಲ್ಲವಂತೆ. ನಮ್ಮಲ್ಲೂ ಹಾಗೇ ಎಂದೆ. ಅಣ್ಣ ಆಗಲೇ ವಿಮಾನದಲ್ಲಿ ಕಿಟಕಿ ಸೀಟು ಬೇಕು ಎಂದರು.

ಒಪ್ಪಿದ್ದೇನೆ ಎಂದು ಮಾತ್ರ ಅವರು ಹೇಳಲಿಲ್ಲ. ಹೊರಡುವಾಗ ಕ್ವಾಯ್ ಕಟ್ಟಿದ ಒಂದು ಪೊಟ್ಟಣ ಕೈಗಿತ್ತರು. "ಬೇಡ ಅಂದವರು ನಿನ್ನ ದೊಡ್ಡಮ್ಮ, ನಿನ್ನ ಬಾಯಿಂದ. ಅವರ ಬಾಯಿಂದಲೇ ಉತ್ತರ ಬರಲಿ" ಎಂದರು. ಈ ಕಾಗದದ ಜೊತೆಗೇ ಕಳಿಸಿದ್ದೇನೆ. ತಲುಪುವ ಹೊತ್ತಿಗೆ ಹೇಗಾಗಿರುತ್ತದೋ ಗೊತ್ತಿಲ್ಲ.

ಭಾನು


ದೇವನಹಳ್ಳಿ
25 ಫೆಬ್ರವರಿ 2025

ಭಾನು,

ಪೊಟ್ಟಣ ನಿನ್ನೆ ಬಂತು. ಪೋಸ್ಟ್‌ಮ್ಯಾನ್ ಮಾರುದೂರದಿಂದಲೇ ಚಾಚಿ ಕೊಟ್ಟ. ಬಿಚ್ಚಿದರೆ ಎಲೆ ಕಪ್ಪಗಾಗಿತ್ತು, ನಾತ ಹಟ್ಟಿಯ ತನಕ. ನಿನ್ನ ದೊಡ್ಡಪ್ಪ ಮೂಗು ಮುಚ್ಚಿಕೊಂಡು, "ಕೊಳ್ತೋಗದೆ ಕಣೇ, ಎಸೀ ಅತ್ಲಾಗೆ" ಎಂದರು. ಇಬಾಳನ್ನು ಕರೆದು ತೋರಿಸಿದೆ. ಅವಳು ಮೂಸಿ ನೋಡಿದಳು. "ಎಲೆ ಕೆಟ್ಟಿದೆ. ಅಡಿಕೆ ಹೀಗೇ ಇರೋದು" ಎಂದವಳ ಕಣ್ಣು ತುಂಬಿತ್ತು. ತಾಯಿಯ ಕೈಯ ವಾಸನೆ ಅದು.

ನಮ್ಮ ಹಿತ್ತಲ ಬಳ್ಳಿಯಿಂದ ಹೊಸ ಎಲೆ ಕಿತ್ತು ತಂದೆ. ಸುಣ್ಣ ಇಬಾ ಸವರಿದಳು. ಅಂಗಳದಲ್ಲಿ ನಿನ್ನ ದೊಡ್ಡಪ್ಪ, ಅಂಜನ್, ಹಾಲು ಕೊಳ್ಳಲು ಬಂದಿದ್ದ ಅಂಜಿನಮ್ಮ, ಮುನಿಸು ಮರೆತು ಬಂದಿದ್ದ ಅಪ್ಪಯ್ಯಣ್ಣ ಎಲ್ಲರೂ ನೋಡುತ್ತಿದ್ದಾಗಲೇ ಬಾಯಿಗೆ ಹಾಕಿಕೊಂಡೆ. ನೀನು ಬರೆದದ್ದು ಕಮ್ಮಿಯಾಯಿತು. ಬೆವರು ಕಿತ್ತುಕೊಂಡು, ತಲೆ ಸುತ್ತಿ, ಹಸುವಿನ ಗೂಟ ಹಿಡಿದುಕೊಂಡು ಕೂತೆ. ಇಬಾ ನನ್ನ ಬೆನ್ನು ಸವರುತ್ತಿದ್ದಳು. ಉಗಿಯಲಿಲ್ಲ, ಪೂರ್ತಿ ನುಂಗಿದೆ.

ಮೊಮ್ಮಕ್ಕಳು ಖರ್‌ಬಾನಿಗಳಾಗಲಿ ಎಂದು ಅವರಿಗೆ ಹೇಳು. ನನ್ನನ್ನು ಅಜ್ಜಿ ಎಂದು ಕರೆದರೆ ಸಾಕು.

ಅಪ್ಪಯ್ಯಣ್ಣ ಹತ್ತಿರ ಬಂದು, "ಅಲ್ಲಮ್ಮಾ, ಅದು ಹೆಣ್ಣಿನ್ ಮನೆಯೋರು ಕಳ್ಸಿದ್ ಎಲೆ ಅಡಿಕೆ ತಾನೆ? ಹಾಕ್ಕೊಂಡ್‌ಬಿಟ್ಯಲ್ಲ?" ಎಂದರು.

"ಹೂಂ ಅಪ್ಪಯ್ಯಣ್ಣ, ಹಾಕ್ಕೊಂಡೆ" ಅಂದೆ. ಇಬಾ ಟಿಕೆಟ್ ಕ್ಯಾನ್ಸಲ್ ಮಾಡಿಸಲು ಫೋನ್ ತೆಗೆದುಕೊಂಡಳು.

ದೊಡ್ಡಮ್ಮ